ಕತ್ತರಿ ಮುಟ್ಟದೆ ಮೊಂಬಾಸಾದಲ್ಲಿ

ಹುಬ್ಬಳ್ಳಿ

ಆಫ್ರಿಕಕ್ಕೆ ಹೋಗಿ ಬಂದವನೆಂದು ತಿಳಿದ ಕೂಡಲೇ ಜನ ಮೊದಲು ಕೇಳುವುದು ಸಿಂಹದ ವಿಷಯ. ನಾನು ಸಿಂಹ ನೋಡಲಿಲ್ಲ. ಆನೆಯನ್ನೂ ನೋಡಲಿಲ್ಲ. ಮೊಂಬಾಸಾ ಸಮುದ್ರದ ದಂಡೆಯ ಊರು. ಅಲ್ಲಿ ನಾನು ಕಂಡ ಪ್ರಾಣಿಗಳೆಂದರೆ ಕತ್ತೆ, ಬೆಕ್ಕು ಮತ್ತು ಕಾಗೆ. ಕೆಲವು ಕಾಗೆಗಳ ಎದೆ ಬೆಳ್ಳಗಿದ್ದು, ಕರಿ ಕೋಟಿನ ಒಳಗೆ ಬಿಳಿ ಜಾಕೀಟು ತೊಟ್ಟ ವಕೀಲರಂತೆ ಕಾಣುತ್ತಿದ್ದವು. ಎರಡನೆಯ ಪ್ರಶ್ನೆ, ಇಷ್ಟು ಲಗೂ ಯಾಕೆ ಹೊಳ್ಳಿ ಬಂದಿರಿ ಎಂಬುದು. ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬಾರದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ದರ್ಜಿ. ಅದರಲ್ಲೂ ಕೋಟು ಕತ್ತರಿಸುವವನು. ದುರ್ಗದ ಬೈಲಿನ ಹತ್ತಿರ ನನ್ನ ಅಂಗಡಿ ಇತ್ತು. ಯುದ್ಧದ ಕಾಲದಲ್ಲಿ ಬಟ್ಟೆಗೆ ಕಂಟ್ರೋಲು ಬಂದು ಅರ್ಧ ಕೆಲಸ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಉಳಿದರ್ಧವೂ ಹೋಯಿತು. ನನ್ನಲ್ಲಿ ವರ್ಷಕ್ಕೊಂದು ಕೋಟು ಹೊಲಿಸುತ್ತಿದ್ದ ದೊಡ್ಡ ಮನುಷ್ಯರೆಲ್ಲ ಖಾದಿ ಜುಬ್ಬಕ್ಕೆ ಬಂದರು. ದೇಶಕ್ಕೆ ಒಳ್ಳೆಯದಾಯಿತು. ಆದರೆ ಜುಬ್ಬ ಕತ್ತರಿಸಲು ನನ್ನಂಥವನು ಬೇಕಾಗಿಲ್ಲ.

ನನ್ನ ಅಂಗಡಿಗೆ ಅಸ್ತರ, ಗುಂಡಿ, ದಾರ ಕೊಡುತ್ತಿದ್ದವರು ಇಮಾಮಸಾಬರು. ಅವರ ತಂಗಿ ಜೈತುನಬಿಯನ್ನು ಬಹಳ ಹಿಂದೆಯೇ ಮೊಂಬಾಸಾಕ್ಕೆ ಕೊಟ್ಟಿದ್ದರು. ಆಕೆಯ ಗಂಡ ಕಾಸಿಮ ಸಾಹೇಬರದು ಅಲ್ಲಿ ದರ್ಜಿಯ ಅಂಗಡಿ. ಅವರ ಕಣ್ಣು ಮಂಜಾಗುತ್ತ ಬಂದು ಒಬ್ಬ ನುರಿತ ಕೋಟಿನ ಮಾಸ್ತರ ಬೇಕಾಗಿದ್ದ. ಇಮಾಮಸಾಬರು ನನ್ನ ಹೆಸರು ಬರೆದು ಹಾಕಿದರು.

ಆ ದೇಶದಲ್ಲಿ ಆಗಷ್ಟೇ ಹೊಸ ಕಾಯದೆ ಬಂದಿತ್ತು. ಹೊರಗಿನವನು ಕೆಲಸಕ್ಕೆ ಬರುವುದಾದರೆ ಅವನನ್ನು ಕರೆಸುವ ಮಾಲೀಕ ಮೊದಲು ಅರ್ಜಿ ಹಾಕಬೇಕು. ಈ ಕೆಲಸ ಬಲ್ಲವರು ಇಲ್ಲಿ ಸಿಗುವುದಿಲ್ಲ ಎಂದು ಹೇಳಬೇಕು. ಅದು ಅಲ್ಲಿನ ಕಚೇರಿಯ ಸಾಹೇಬರಿಗೆ ಒಪ್ಪಿಗೆಯಾದರೆ ಪಾಸು ಕೊಡುತ್ತಾರೆ. ಬಂದವನು ಆ ಮಾಲೀಕನ ಹತ್ತಿರ ಆ ಕೆಲಸವನ್ನು ಮಾತ್ರ ಮಾಡಬೇಕು. ನನಗೆ ಬಂದ ಪಾಸಿನಲ್ಲಿ ಒಂದು ಕಡೆ ಕಾಸಿಮ ಸಾಹೇಬರ ಹೆಸರು, ಇನ್ನೊಂದು ಕಡೆ ನನ್ನ ಹೆಸರು, ನಡುವೆ ಕೋಟು ಕತ್ತರಿಸುವ ಕೆಲಸವೆಂದು ಅಚ್ಚಾಗಿತ್ತು. ನನ್ನ ಹೆಂಡತಿ ರುಕ್ಮವ್ವ ಅದನ್ನು ಹಿಂದೆ ಮುಂದೆ ತಿರುವಿ ನೋಡಿ, “ಇದೇನ್ರಿ, ಲಗ್ನಪತ್ರಿಕಿ ಹಂಗ ಐತಿ. ಅತ್ತಾಗೊಂದು ಹೆಸರು, ಇತ್ತಾಗೊಂದು ಹೆಸರು” ಎಂದಳು.

ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಮಷೀನು ಮಾರಿದೆ. ನಮ್ಮ ಓಣಿಯ ವಾಚನಾಲಯದವರು ಸಭೆ ಕರೆದು ಹಾರ ಹಾಕಿದರು. ಹಾರ ಹಾಕಿಸಿಕೊಂಡು ಹೊರಟವನು ಬೇಗ ಹೊಳ್ಳಿ ಬರಬಾರದೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಹಡಗು

ಮುಂಬಯಿಯಿಂದ ಹೊರಟ ಹಡಗಿನಲ್ಲಿ ನನ್ನದು ಡೆಕ್ಕಿನ ಜಾಗ. ಅಂದರೆ ಮೇಲೊಂದು ಕಿತ್ತಾನಿನ ಚಪ್ಪರ, ಕೆಳಗೆ ಹಲಗೆ. ಹಾಸಿಗೆ ಬಿಚ್ಚಿದಷ್ಟೇ ಜಾಗ ನಮ್ಮ ಸಂಸಾರ. ನನ್ನ ಪಕ್ಕದಲ್ಲಿ ಪ್ರೇಮಜಿ ಎಂಬ ಕಚ್ಛದ ಗೌಂಡಿ ಹಾಸಿಕೊಂಡಿದ್ದ. ಮೊಂಬಾಸಾದಲ್ಲಿ ಮನೆ ಕಟ್ಟಿ ಕಟ್ಟಿ ಮುದುಕನಾದವನು, ಊರಿಗೆ ಹೋಗಿ ಮಗಳ ಮದುವೆ ಮಾಡಿ ತಿರುಗಿ ಹೊರಟಿದ್ದ. ನಮ್ಮಿಬ್ಬರಿಗೂ ನಡುವೆ ಹಿಂದೂಸ್ತಾನಿ ಮಾತು.

ಮೊದಲ ಕೆಲವು ದಿನ ನಾನು ಮನುಷ್ಯನಾಗಿರಲಿಲ್ಲ. ಕಡಲು ಒಳಗಿನದನ್ನೆಲ್ಲ ಹೊರಗೆ ತೆಗೆಯಿತು. ಬಾವಿಯ ನೀರನ್ನೂ ಕೆರೆಯ ನೀರನ್ನೂ ಕಂಡವನಿಗೆ ನೀರು ಸುಮ್ಮನೆ ನಿಲ್ಲುವ ವಸ್ತು. ಇಷ್ಟೊಂದು ನೀರು ಇಷ್ಟೊಂದು ಅಲುಗಾಡಬಹುದೆಂದು ನಾನು ಎಣಿಸಿರಲಿಲ್ಲ. ಹೊಟ್ಟೆ ನೆಟ್ಟಗಾದ ಮೇಲೆ ರುಕ್ಮವ್ವ ಕಟ್ಟಿಕೊಟ್ಟಿದ್ದ ಗಂಟು ಬಿಚ್ಚಿ ಪ್ರೇಮಜಿಗೆ ಒಂದು ಖಡಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅವನು ರೊಟ್ಟಿಯನ್ನು ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು ಕೇಳಿ, ಇದನ್ನು ಗಾರೆ ಹಾಕಿ ಕೂಡಿಸುತ್ತಾರೋ ಹಾಗೇ ಇಡುತ್ತಾರೋ ಎಂದು ವಿಚಾರಿಸಿದ. ಆಮೇಲೆ ನಾಲ್ಕು ತಿಂದ.

ಒಂದು ಮಧ್ಯಾಹ್ನ ನನ್ನ ಪಾಸನ್ನು ತೋರಿಸೆಂದ. ಅವನಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಕೈ ತೋರಿಸಿದರೆ ಸಾಕಿತ್ತು, ಕೈ ದುಡಿದು ದಡ್ಡು ಕಟ್ಟಿದ್ದರೆ ಒಳಗೆ ಬಿಡುತ್ತಿದ್ದರು ಎಂದ. ಮತ್ತೆ ಪಾಸನ್ನು ಹಿಂದಕ್ಕೆ ಕೊಡುತ್ತ, “ಇದರಲ್ಲಿ ನಿನ್ನ ಹೆಸರಿಗಿಂತ ಅವರ ಹೆಸರು ದೊಡ್ಡದು. ಅವರನ್ನು ಚೆನ್ನಾಗಿ ನೋಡಿಕೋ” ಎಂದ. ಮಾಲೀಕನ ಮನಸ್ಸು ನೋಯಿಸಬೇಡ ಎನ್ನುತ್ತಿದ್ದಾನೆಂದು ನಾನು ತಿಳಿದೆ. ಅವನೂ ಅಷ್ಟೇ ಅರ್ಥದಲ್ಲಿ ಹೇಳಿರಬೇಕು.

ಕಿಲಿಂಡಿನಿ ಧಕ್ಕೆ

ಮೊಂಬಾಸಾದ ಬಂದರಿಗೆ ಕಿಲಿಂಡಿನಿ ಎಂದು ಹೆಸರು. ದಂಡೆಯ ಮೇಲೆ ತೆಂಗು, ಮಾವು. ನಡುನಡುವೆ ಆನೆಯ ಕಾಲಿನಂಥ ಬೊಡ್ಡೆಯ, ಎಲೆ ಕಡಿಮೆ ಇರುವ ಒಂದು ಜಾತಿಯ ಮರ. ನಮ್ಮ ಸವಣೂರಿನಲ್ಲಿ ಅಂಥ ಮೂರು ಮರಗಳಿವೆ, ಜನ ಹೋಗಿ ನೋಡಿ ಬರುತ್ತಾರೆ. ಇಲ್ಲಿ ಅದರ ಕೆಳಗೆ ಹುಡುಗರು ಗೋಟಿ ಆಡುತ್ತಿದ್ದರು, ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಪಾಸು ನೋಡುವ ಮೇಜಿನ ಹಿಂದೆ ವಯಸ್ಸಾದ ಇಂಗ್ಲಿಷ್ ಸಾಹೇಬರೊಬ್ಬರು, ಅವರ ಪಕ್ಕದಲ್ಲಿ ಫರ್ನಾಂಡಿಸ್ ಎಂಬ ಗೋವೆಯ ಗುಮಾಸ್ತ. ನನ್ನ ಸರದಿ ಬಂದಾಗ ಸಾಹೇಬರು ಪಾಸನ್ನು ಓದಿ ಬೇರೆ ಒಂದು ಕಾಗದವನ್ನು ಓದಿದರು. ಮತ್ತೆ ಪಾಸನ್ನು ಓದಿದರು. ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿದರು. ಗುಮಾಸ್ತ ನನ್ನನ್ನು ಪಕ್ಕಕ್ಕೆ ಕರೆದು, ಹಿಂದೂಸ್ತಾನಿಯಲ್ಲಿ, ಕಾಸಿಮ ಸಾಹೇಬರು ನಿನಗೆ ಏನಾಗಬೇಕೆಂದು ಕೇಳಿದ. ಏನೂ ಆಗಬೇಕಾಗಿಲ್ಲ, ಮಾಲೀಕರು ಎಂದೆ. ಹಾಗಾದರೆ ಹೇಳಬಹುದು ಎಂದು, ಅವರು ಹೋದ ವಾರ ತೀರಿಕೊಂಡರೆಂದು ತಿಳಿಸಿದ.

ನಾನು ಕಡಲಿನ ನಡುವೆ ರೊಟ್ಟಿ ಮುರಿಯುತ್ತಿದ್ದಾಗ ನನ್ನ ಪಾಸಿನ ಅರ್ಧ ಭಾಗ ಮಣ್ಣಾಗಿತ್ತು. ಕಾಯದೆಯ ಪ್ರಕಾರ ಮಾಲೀಕನಿಲ್ಲದ ಪಾಸು ಪಾಸಲ್ಲ. ನಾನು ಬಂದ ಹಡಗು ಇನ್ನೂ ದಕ್ಷಿಣದ ಬಂದರುಗಳಿಗೆ ಹೋಗಿ ತಿರುಗಿ ಇದೇ ದಾರಿಯಲ್ಲಿ ಬರುವುದಿತ್ತು. ಅಲ್ಲಿಯತನಕ ಇಳಿದಿರಬಹುದು, ವಾರಕ್ಕೊಮ್ಮೆ ಕಚೇರಿಗೆ ಬಂದು ಮುಖ ತೋರಿಸಬೇಕು, ಯಾವ ಕೆಲಸವನ್ನೂ ಮಾಡಕೂಡದು ಎಂದು ಸಾಹೇಬರು ತೀರ್ಮಾನಿಸಿದರು. ಅಷ್ಟರೊಳಗೆ ಅಂಗಡಿಗೆ ಹೊಸ ಮಾಲೀಕರು ಯಾರಾದರೂ ನಿಂತು ಅರ್ಜಿ ಹಾಕಿದರೆ ಆಗ ನೋಡೋಣ ಎಂದರು. ಗದರಿಸಲಿಲ್ಲ. ದಬ್ಬಿ ಹಾಕಲಿಲ್ಲ. ಅವರು ಬೇಕೆಂದರೆ ಅಲ್ಲಿಂದಲೇ ತಿರುಗಿ ಹಡಗು ಹತ್ತಿಸಬಹುದಾಗಿತ್ತು.

ಹೊರಗೆ ಒಬ್ಬ ಎತ್ತರದ ಮನುಷ್ಯ ಬಿಳಿಯ ಉದ್ದಂಗಿ ತೊಟ್ಟು, ತಲೆಗೆ ಕಸೂತಿಯ ಟೊಪ್ಪಿಗೆ ಇಟ್ಟು ನಿಂತಿದ್ದ. ನನ್ನ ಟ್ರಂಕನ್ನು ಕೈಗೆ ತೆಗೆದುಕೊಂಡು “ಬರ್ರಿ” ಎಂದ. ಪರದೇಶದ ನೆಲದ ಮೇಲೆ ನಾನು ಕೇಳಿದ ಮೊದಲ ಕನ್ನಡ ಅದು. ಅವನು ಜುಮಾ. ಆ ಊರಿನವನೇ. ಕಾಸಿಮ ಸಾಹೇಬರ ಅಂಗಡಿಯಲ್ಲಿ ಬಹಳ ವರ್ಷಗಳಿಂದ ಹೊಲಿಯುತ್ತಿದ್ದವನು. ಅವನಿಗೆ ಮುರುಕು ಹಿಂದೂಸ್ತಾನಿ ಬರುತ್ತಿತ್ತು. ಕನ್ನಡದಲ್ಲಿ ಮಾಲೀಕರ ಹೆಂಡತಿಯ ಬಾಯಿಂದ ಕೇಳಿ ಕಲಿತ ನಾಲ್ಕೈದು ಮಾತುಗಳು. ದಾರಿಯುದ್ದಕ್ಕೂ ಅವನು “ಪೋಲೆ, ಪೋಲೆ” ಎನ್ನುತ್ತ ನಡೆದ. ಎಡವಿ ಬಿದ್ದವನಿಗೂ ಆ ಜನ ಹೇಳುವುದು ಅದೇ ಮಾತು, ಹೆಣದ ಮನೆಯಲ್ಲಿ ಹೇಳುವುದೂ ಅದೇ. ಆ ಹೊತ್ತು ಅವನು ಯಾವ ಅರ್ಥದಲ್ಲಿ ಹೇಳಿದನೆಂದು ನಾನು ಕೇಳಲಿಲ್ಲ.

ಹಳೆಯ ಪೇಟೆ

ಅಂಗಡಿ ಹಳೆಯ ಪೇಟೆಯ ಒಂದು ಸಣ್ಣ ಓಣಿಯಲ್ಲಿತ್ತು. ಹವಳದ ಕಲ್ಲಿನ ದಪ್ಪ ಗೋಡೆ, ಬಳ್ಳಿ ಕೆತ್ತಿದ ಎತ್ತರದ ಬಾಗಿಲು. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಬಾಗಿಲಿಗೆ ಹಸಿರು ಪರದೆ. ಜೈತುನಬಿಯವರು ಇದ್ದತ್ತಿನಲ್ಲಿದ್ದರು. ಗಂಡ ತೀರಿದ ಮೇಲೆ ಅವರ ಮತದ ಹೆಂಗಸರು ಕೆಲವು ತಿಂಗಳು ಹೊಸ್ತಿಲು ದಾಟುವುದಿಲ್ಲ, ಪರಪುರುಷರ ಎದುರಿಗೆ ಬರುವುದಿಲ್ಲ. ನಾನು ಅಂಗಡಿಯಲ್ಲಿ ನಿಂತುಕೊಂಡೇ ಇದ್ದೆ. ಪರದೆಯ ಆಚೆಯಿಂದ ದನಿ ಬಂತು.

“ಬರ್ರಿ ಮಾಸ್ತರ. ಕುಂದರ್ರಿ. ದೂರದಿಂದ ಬಂದೀರಿ.”

ನಮ್ಮ ದುರ್ಗದ ಬೈಲಿನ ಕಾಯಿಪಲ್ಯದ ಸಾಲಿನಲ್ಲಿ ಕೇಳುವ ಕನ್ನಡ. “ಹಿಂಗಾಗಬಾರದಿತ್ತರಿ ಅಕ್ಕಾರ” ಎಂದೆ.

“ಆತು. ಅವರಿಗೆ ಬ್ಯಾನಿ ಇತ್ತು, ಯಾರಿಗೂ ಹೇಳಿದ್ದಿಲ್ಲ.” ಮಾತು ಹೊರಳಿಸಿ, “ನಮ್ಮ ಅಣ್ಣ ಆರಾಮ ಅದಾನೇನ್ರಿ? ಹಲ್ಲು ಎಲ್ಲಾ ಬಿದ್ದಾವಂತ?” ಎಂದು ಕೇಳಿದರು.

“ಎರಡು ಉಳದಾವ್ರಿ.”

“ಅಷ್ಟ ಸಾಕ ಬಿಡ್ರಿ, ಸಣ್ಣಾಂವಿದ್ದಾಗ ನನ್ನ ಭಾಳ ಕಡದಾನ.”

ಸಾವಿನ ಮನೆಯಲ್ಲಿ ನಗಬಾರದೆಂದು ನಾನು ತಡೆದುಕೊಂಡೆ. ಉಳಿದಿದ್ದ ರೊಟ್ಟಿಯ ಗಂಟನ್ನು ಪರದೆಯ ಕೆಳಗಿನಿಂದ ಒಳಗೆ ಸರಿಸಿದೆ. ಒಳಗಿನಿಂದ ರೊಟ್ಟಿ ಮುರಿದ ಸಪ್ಪಳ ಕೇಳಿಸಿತು.

ಕಾಸಿಮ ಸಾಹೇಬರ ತಮ್ಮ ದಾವೂದ ಭಾಯಿ ಜಂಜಿಬಾರದಿಂದ ಬಂದು ಉಳಿದುಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ. ಹೆಂಗಸೊಬ್ಬಳು ಪರದೆಯ ಹಿಂದಿನಿಂದ ಅಂಗಡಿ ನಡೆಸುವುದಾಗದು, ಮಾರಿಬಿಟ್ಟು ಅತ್ತಿಗೆಯನ್ನು ತಮ್ಮ ಮನೆಗೆ ಕರೆದೊಯ್ಯಬೇಕು ಎಂಬುದು ಅವರ ವಿಚಾರ. ಜೈತುನಬಿಯವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ತಾವು ಆ ಅಂಗಡಿಯ ಕೋಟುಗಳಿಗೆ ಒಳಗೆ ಕುಳಿತು ಗುಂಡಿಯ ಕಾಜ ಹಾಕುತ್ತಲೇ ಮುದುಕಿಯಾದವರು, ಅಂಗಡಿಯೇ ತಮ್ಮ ಮನೆಯೆಂದು ನನಗೆ ಮಾತ್ರ ಹೇಳಿದರು. ಅಂಗಡಿ ಮಾರಿದರೆ ನನಗೆ ಹಡಗು ಖಾತ್ರಿ. ಅವರ ಹೆಸರಿನಲ್ಲಿ ನಿಂತರೆ ಅವರೇ ಮಾಲೀಕರಾಗಿ ಅರ್ಜಿ ಹಾಕಬಹುದು. ಹಾಗೆ ಅವರ ಪಾಡು, ನನ್ನ ಪಾಡು ಒಂದೇ ದಾರಕ್ಕೆ ಬಿದ್ದವು.

ನಾನು ಮಲಗುತ್ತಿದ್ದುದು ಅಂಗಡಿಯ ಕತ್ತರಿಸುವ ಮೇಜಿನ ಮೇಲೆ. ಅದರ ಮೇಲೆ ಮಲಗಬಹುದಿತ್ತು, ಬಟ್ಟೆ ಕತ್ತರಿಸುವ ಹಾಗಿರಲಿಲ್ಲ.

ಪರದೆಯ ಈಚೆ

ಕೆಲಸವಿಲ್ಲದೆ ಇರುವುದು ಒಂದು ಕೆಲಸ. ಬೆಳಿಗ್ಗೆ ಕಾಫಿ ಮಾರುವವನು ಹಿಡಿಯಿಲ್ಲದ ಸಣ್ಣ ಬಟ್ಟಲುಗಳನ್ನು ಒಂದಕ್ಕೊಂದು ತಾಕಿಸಿ ತಾಳ ಹಾಕುತ್ತ ಬರುತ್ತಿದ್ದ. ಆ ಕಾಫಿಗೆ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ನಾನು ಮೊದಲ ದಿನ ಮುಖ ಕಿವುಚಿದ್ದನ್ನು ನೋಡಿ ಅವನು ಓಣಿಗೆಲ್ಲ ಅಭಿನಯಿಸಿ ತೋರಿಸಿದ. ಸಂಜೆ ಓಣಿಯ ಬಾಯಿಗೆ ಹೆಂಗಸರು ಕೆಂಡದ ಮೇಲೆ ಮರಗೆಣಸು ಸುಟ್ಟು, ಸೀಳಿ, ಉಪ್ಪು ಖಾರ ಹಚ್ಚಿ, ನಿಂಬೆ ಹಿಂಡಿ ಕೊಡುತ್ತಿದ್ದರು. ಅದು ಬಾಯಿಗೆ ಹತ್ತಿತು. ಆ ಜನ ಅವಸರ ಪಡುವುದಿಲ್ಲ. ಏನು ಕೇಳಿದರೂ “ಬಾದೊ” ಎನ್ನುತ್ತಾರೆ. ಇನ್ನೂ ಇಲ್ಲ ಎಂದರ್ಥ. ನಮ್ಮ ಧಾರವಾಡದ ಕಚೇರಿಗಳಲ್ಲಿ ನಾಳೆ ಬರ್ರಿ ಎನ್ನುತ್ತಾರೆ. ಬಾದೊ ಎನ್ನುವವರಲ್ಲಿ ನಾಳೆಯ ಭರವಸೆಯೂ ಇಲ್ಲ, ಹೀಗಾಗಿ ಸುಳ್ಳೂ ಇಲ್ಲ.

ಅಂಗಡಿಯಲ್ಲಿ ಕೆಂಪು ಬಟ್ಟೆಯ ಒಂದು ದೊಡ್ಡ ಗಂಟು ಬಿದ್ದಿತ್ತು. ಊರಿನ ಒಂದು ವಾದ್ಯದ ತಂಡಕ್ಕೆ ಕೋಟು ಹೊಲಿದುಕೊಡಲು ಕಾಸಿಮ ಸಾಹೇಬರು ಒಪ್ಪಿಕೊಂಡಿದ್ದರು. ಕೆಲಸ ಶುರುವಾಗುವ ಮೊದಲೇ ಅವರು ಹಾಸಿಗೆ ಹಿಡಿದರು. ತಂಡದ ಮುಖ್ಯಸ್ಥ ದಿನಾ ಬಂದು ಇಣುಕಿದರೆ ಜುಮಾ ಬಾದೊ ಎನ್ನುತ್ತಿದ್ದ. ಕೋಟು ಹೊತ್ತಿಗೆ ಸರಿಯಾಗಿ ಕೊಡದಿದ್ದರೆ ಅಂಗಡಿ ಮುಗಿಯಿತೆಂದು ಊರಿಗೇ ಗೊತ್ತಾಗುತ್ತಿತ್ತು. ಜುಮಾ ಅಂಗಿ, ಚಡ್ಡಿ, ಉದ್ದಂಗಿ ಚೆನ್ನಾಗಿ ಹೊಲಿಯುತ್ತಿದ್ದ. ಕೋಟನ್ನೂ ಹೊಲಿಯುತ್ತಿದ್ದ. ಆದರೆ ಕತ್ತರಿಸುವುದು ಮಾತ್ರ ಮಾಲೀಕರ ಕೆಲಸ. ಬಟ್ಟೆಗೆ ಗುರುತು ಹಾಕುವ ಖಡುವನ್ನು ಕೂಡ ಅವರು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ. ನಾನೂ ಹುಬ್ಬಳ್ಳಿಯಲ್ಲಿ ಹಾಗೇ ಮಾಡುತ್ತಿದ್ದೆ. ಕಟರ್ ಎನಿಸಿಕೊಂಡವರೆಲ್ಲ ಹಾಗೇ ಮಾಡುತ್ತಾರೆ.

ಒಂದು ದಿನ ಪರದೆಯ ಆಚೆಯಿಂದ ಜೈತುನಬಿಯವರು, “ಮಾಸ್ತರ, ನೀವು ಕತ್ತರಿ ಮುಟ್ಟಬ್ಯಾಡ್ರಿ. ಬರೇ ಬಾಯಿಲೆ ಹೇಳ್ರಿ. ಬಾಯಿಗೆ ಏನ್ ಪಾಸ ಬೇಕಾಗಿಲ್ಲಲ್ಲ?” ಎಂದರು.

ಬೇಕೋ ಬೇಡವೋ ನನಗೆ ತಿಳಿಯದು. ಆ ವಾರ ಮುಖ ತೋರಿಸಲು ಹೋದಾಗ ಫರ್ನಾಂಡಿಸನನ್ನು ಕೇಳಿದೆ. ಮಾತಾಡುವುದೇ ಕೆಲಸವೆಂದಾದರೆ ತಮ್ಮ ಕಚೇರಿಯಲ್ಲಿ ಎಲ್ಲರಿಗೂ ಪಾಸು ಮಾಡಿಸಬೇಕಾದೀತು ಎಂದ. ಹಾಗೆಂದು ಸಾಹೇಬರನ್ನೂ ಕೇಳಿ ಬಂದ. ಕೈ ಹಚ್ಚದಿದ್ದರೆ ಅಡ್ಡಿಯಿಲ್ಲವೆಂದಾಯಿತು.

ಮರುದಿನದಿಂದ ಶುರುವಾಯಿತು. ನಾನು ಮೇಜಿನ ಒಂದು ಕಡೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಇನ್ನೊಂದು ಕಡೆ ಜುಮಾ. ಅವನ ಕೈಯಲ್ಲಿ ಖಡು. ಅವನ ಮುರುಕು ಹಿಂದೂಸ್ತಾನಿ ಈ ಕೆಲಸಕ್ಕೆ ಸಾಲದು. ನಾನು ಕನ್ನಡದಲ್ಲಿ ಹೇಳುವುದು, ಪರದೆಯ ಆಚೆ ಜೈತುನಬಿಯವರು ಅದನ್ನು ಆ ಊರಿನ ಸ್ವಾಹಿಲಿ ಭಾಷೆಗೆ ತಿರುವಿ ಹೇಳುವುದು, ಜುಮಾ ಗುರುತು ಹಾಕುವುದು. ಅವನು ಏನಾದರೂ ಕೇಳಿದರೆ ಅದೇ ದಾರಿಯಲ್ಲಿ ನನಗೆ ಬರಬೇಕು. ನನ್ನ ಕೈ ಒಂದೆರಡು ಸಲ ತಾನಾಗಿ ಮುಂದಕ್ಕೆ ಬಂತು. ಆಮೇಲೆ ಒಂದು ಅಸ್ತರದ ತುಂಡಿನಿಂದ ಎರಡೂ ಮುಂಗೈ ಸೇರಿಸಿ ಕಟ್ಟಿಕೊಂಡೆ.

ಬೆನ್ನು, ಮುಂಭಾಗ ಸರಿಹೋದವು. ತೋಳು ಕೂಡಿಸುವ ಬಗಲಿನ ಸುತ್ತಿನ ಹತ್ತಿರ ಬಂದಾಗ ನಾನು, “ಕರಿಗಡಬಿನ ಹೊಟ್ಟಿ ಹಂಗ ಗುಂಡಗ ಬರಬೇಕ್ರಿ” ಎಂದೆ. ಅವರು ಏನೋ ಹೇಳಿದರು. ಜುಮಾ ತಲೆಯಾಡಿಸಿ, ಗುರುತು ಹಾಕಿ, ಕತ್ತರಿ ಓಡಿಸಿಯೇಬಿಟ್ಟ. ನೋಡಿದರೆ ಮೂರು ಮೂಲೆಯ ರಂಧ್ರ.

“ಅಕ್ಕಾರ, ಏನಂತ ಹೇಳಿದ್ರಿ ಅವಗ?”

“ಕರಿಗಡಬ ಇಲ್ಲಿ ಎಲ್ಲಿಂದ ಬರಬೇಕ್ರಿ? ಸಂಬೂಸಾ ಅಂದೆ.”

ಸಂಬೂಸಾ ಅಂದರೆ ಸಮೋಸಾ. ಒಂದು ಕೋಟಿನ ಬಟ್ಟೆ ಹೋಯಿತು. ಪರದೆಯ ಆಚೆಗೆ ಮೊದಲು ನಿಟ್ಟುಸಿರು, ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡ ನಗೆ. ಜುಮಾ ನಮ್ಮಿಬ್ಬರ ಮಾತು ತಿಳಿಯದೆ ಆ ತ್ರಿಕೋನದಲ್ಲಿ ತನ್ನ ತೋಳು ತೂರಿಸಿ ನೋಡುತ್ತಿದ್ದ. ಕೊನೆಗೆ ಅವನೇ ದಾರಿ ತೋರಿಸಿದ. ಅವನ ತಂದೆ ಹಾಯಿಹಡಗಿನವನು. ದಂಡೆಗೆ ಎಳೆದು ಹಾಕಿದ ದೋಣಿಯ ಹೊಟ್ಟೆ ಹೇಗಿರುತ್ತದೋ ಹಾಗೆಯೇ ಎಂದು ಕೇಳಿದ. ಹೌದು, ಹಾಗೆಯೇ. ಅದಾದ ಮೇಲೆ ಬಗಲು ತಪ್ಪಲಿಲ್ಲ.

ಡೊಳ್ಳು ಹೊಟ್ಟೆಯ ನಗಾರಿಯವನ ಕೋಟೂ ಆಯಿತು. ಕಡ್ಡಿಯಂಥ ಕಹಳೆಯವನ ಕೋಟೂ ಆಯಿತು. ಒಬ್ಬ ಮುದುಕ ಕೊಳಲಿನವನ ಬೆನ್ನು ಬಾಗಿತ್ತು. ಬಾಗಿದ ಬೆನ್ನಿಗೆ ಬಟ್ಟೆಯನ್ನು ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಜೈತುನಬಿಯವರಿಗೆ ಸ್ವಾಹಿಲಿಯಲ್ಲಿ ಮಾತು ಸಿಗಲಿಲ್ಲ. ಅವನ ಕೋಟು ಹೇಗೋ ಒಂದು ಆಯಿತು. ಹಿಂದೆ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಮುದುಕ ಅದನ್ನೇ ತೊಟ್ಟು ಸಂತೋಷಪಟ್ಟ. ಜುಮಾ ಮಾತ್ರ ಪಡಲಿಲ್ಲ.

ಸಾಹೇಬರು ಬಂದ ದಿನ

ಜೈತುನಬಿಯವರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿಸಿದ್ದರು. ಅವರು ಕಚೇರಿಗೆ ಬರುವ ಹಾಗಿಲ್ಲವಾದ್ದರಿಂದ ಸಾಹೇಬರೇ ಫರ್ನಾಂಡಿಸನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಅಂಗಡಿಗೆ ಬಂದರು. ಹೊಲಿದು ಮುಗಿದ ಕೆಂಪು ಕೋಟುಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು.

ಅದಕ್ಕೆ ಮುಂಚೆಯೇ ದಾವೂದ ಭಾಯಿ ಒಂದು ಉಪಾಯ ಹೇಳಿದ್ದರು. ಕೋಟು ಮುಗಿದದ್ದನ್ನು ಕಂಡು ಅವರ ಮನಸ್ಸು ಅರ್ಧ ತಿರುಗಿತ್ತು. ಕಟರ್ ಇರುವ ಅಂಗಡಿ ನಡೆದರೂ ನಡೆದೀತು, ಮಾರಿದರೂ ಒಳ್ಳೆಯ ಗಿರಾಕಿ ಸಿಕ್ಕಾನು. ಅದಕ್ಕೆ ನನ್ನನ್ನು ಉಳಿಸಿಕೊಳ್ಳಬೇಕು. ಸಾಹೇಬರು ಕೇಳಿದರೆ ಕೋಟುಗಳನ್ನೆಲ್ಲ ಕಾಸಿಮ ಸಾಹೇಬರೇ ಸಾಯುವ ಮೊದಲು ಕತ್ತರಿಸಿಟ್ಟಿದ್ದರು, ಜುಮಾ ಬರೀ ಹೊಲಿದ ಎಂದುಬಿಡಿ ಎಂದಿದ್ದರು. ಯಾರಿಗೂ ಕೆಡುಕಿಲ್ಲದ ಮಾತು. ಸತ್ತವರಿಗೂ ಮರ್ಯಾದೆಯೇ. ನಾನು ಅದಕ್ಕೆ ಬೇಡವೆನ್ನಲಿಲ್ಲ.

ಸಾಹೇಬರು ಟೊಪ್ಪಿಗೆ ತೆಗೆದು ಪರದೆಗೆ ತಲೆಬಾಗಿದರು. ಕುರ್ಚಿಯಲ್ಲಿ ಕುಳಿತ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಪರದೆಯ ಅಂಚನ್ನೇ ನೋಡುತ್ತ ಪ್ರಶ್ನೆ ಕೇಳತೊಡಗಿದರು. ಫರ್ನಾಂಡಿಸ್ ಹಿಂದೂಸ್ತಾನಿಗೆ ತಿರುವುತ್ತಿದ್ದ.

“ಈ ಅಂಗಡಿ ಯಾರದು?”

ದಾವೂದ ಭಾಯಿ ಬಾಯಿ ತೆರೆದರು. ಸಾಹೇಬರು ಕೈ ಎತ್ತಿ ತಡೆದರು.

“ನನ್ನದು” ಎಂದು ದನಿ ಬಂತು.

“ನಡೆಸುವವರು ಯಾರು?”

“ನಾನು.”

ಅದನ್ನು ಆಕೆ ಅಷ್ಟು ನೇರವಾಗಿ ಹೇಳಿದ್ದು ನಾನು ಅದೇ ಮೊದಲು ಕೇಳಿದೆ. ದಾವೂದ ಭಾಯಿಯೂ ಅದೇ ಮೊದಲು ಕೇಳಿದರೆಂದು ಅವರ ಮುಖ ಹೇಳುತ್ತಿತ್ತು. ಸಾಹೇಬರು ತಲೆಯಾಡಿಸಿದರು. ಇನ್ನು ಒಂದೇ ಪ್ರಶ್ನೆ ಎಂದರು. ಕೋಟು ಕತ್ತರಿಸುವ ಕೆಲಸ ಬಲ್ಲವರು ಈ ಊರಿನಲ್ಲಿ, ಈ ಅಂಗಡಿಯಲ್ಲಿ ಯಾರಾದರೂ ಇದ್ದಾರೆಯೇ? ಇಲ್ಲವಾದರೆ ಈ ಮನುಷ್ಯನ ಪಾಸನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ.

ಓಣಿಯಲ್ಲಿ ಕಾಫಿಯವನ ಬಟ್ಟಲುಗಳ ಸಪ್ಪಳ ಬಂದು ದೂರ ಹೋಯಿತು. ಆಮೇಲೆ ದನಿ ಬಂತು, ಹಿಂದೂಸ್ತಾನಿಯಲ್ಲಲ್ಲ, ಕನ್ನಡದಲ್ಲಿ.

“ಮಾಸ್ತರ, ಸುಳ್ಳ ಹೇಳ್ಲೇನ್ರಿ?”

ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಜುಮಾ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದವನು ತಲೆ ಎತ್ತಿದ. ಆ ಮನೆಯಲ್ಲಿ ಅಷ್ಟು ವರ್ಷ ದುಡಿದವನಿಗೆ ಆ ಒಂದು ಪದ ಗೊತ್ತಿತ್ತೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ. ತೂಗು ಹಾಕಿದ್ದ ಕೋಟುಗಳ ಕಡೆ ನೋಡಿದ.

ಹುಬ್ಬಳ್ಳಿಯಲ್ಲಿ ಮಾರಿ ಬಂದ ಮಷೀನು ನನ್ನ ಕಣ್ಣಿಗೆ ಬಂತು. ವಾಚನಾಲಯದ ಹಾರ ಬಂತು. ರುಕ್ಮವ್ವ ಏನನ್ನುತ್ತಾಳೆಂದು ಯೋಚಿಸಲು ಹೊರಟೆ, ಅದು ಪೂರಾ ಆಗಲಿಲ್ಲ. “ಬ್ಯಾಡ್ರಿ ಅಕ್ಕಾರ” ಎಂದೆ. ತೂಗಿ ನೋಡಿ ಹೇಳಿದೆನೆಂದು ಈಗ ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ತೂಗಲಿಲ್ಲ. ಆ ಕೋಟುಗಳನ್ನು ಕತ್ತರಿಸಿದವನು ಅಲ್ಲೇ ನಿಂತಿದ್ದ, ಅವನು ಕತ್ತರಿಸಲಿಲ್ಲವೆಂದು ಅವನ ಎದುರಿಗೇ ಹೇಳಬೇಕಾಗಿತ್ತು. ಅದು ನನ್ನಿಂದ ಆಗಲಿಲ್ಲ, ಅಷ್ಟೆ.

ಸಾಹೇಬರು, ಆಕೆ ಏನು ಕೇಳಿದಳೆಂದು ಫರ್ನಾಂಡಿಸನನ್ನು ಕೇಳಿದರು. ಅವನಿಗೆ ತಿಳಿದಿರಲಿಲ್ಲ. “ಸುಳ್ಳ ಎಂದರೇನು?” ಎಂದು ನನ್ನ ಕಡೆ ತಿರುಗಿದ.

“ನಮ್ಮ ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿ” ಎಂದೆ. ಸುಳ್ಳ ಎಂಬ ಊರು ಇರುವುದು ನಿಜ.

“ಅದರ ವಿಷಯ ಈಗೇಕೆ?”

“ಅಲ್ಲಿಗೆ ಹೋಗಲೇ ಎಂದು ಕೇಳಿದರು. ಬೇಡವೆಂದೆ.”

ಫರ್ನಾಂಡಿಸ್ ಅದನ್ನು ಸಾಹೇಬರಿಗೆ ತಿಳಿಸಿದ. ಸಾಹೇಬರು ಗಂಭೀರವಾಗಿ, ನೀನು ಹೇಳಿದ್ದು ಸರಿ, ಅಂಗಡಿ ಬಿಟ್ಟು ಅವರು ಎಲ್ಲಿಗೂ ಹೋಗಬಾರದು ಎಂದರು. ಪರದೆಯ ಹಿಂದೆ ಸಣ್ಣ ಕೆಮ್ಮು ಕೇಳಿಸಿತು.

ಆಮೇಲೆ ಜೈತುನಬಿಯವರು ಹಿಂದೂಸ್ತಾನಿಯಲ್ಲಿ, ಬಲ್ಲವನು ಇದ್ದಾನೆ, ಜುಮಾ, ಈ ಕೋಟುಗಳನ್ನು ಕತ್ತರಿಸಿದವನು ಅವನೇ ಎಂದು ಹೇಳಿದರು. ಸಾಹೇಬರು ಎದ್ದು ಒಂದು ಕೋಟನ್ನು ಇಳಿಸಿ, ತೋಳು ಕೂಡಿದ ಜಾಗವನ್ನು ಒಳಗೂ ಹೊರಗೂ ತಿರುವಿ ನೋಡಿದರು. ಜುಮಾನನ್ನು ಸ್ವಾಹಿಲಿಯಲ್ಲಿ ಏನೋ ಕೇಳಿದರು. ಜುಮಾ ಒಂದೇ ಮಾತಿನಲ್ಲಿ ಉತ್ತರ ಹೇಳಿದ. ಆ ಮಾತು ನನಗೆ ಅರ್ಥವಾಯಿತು. ನಾನೇ ಎಂದ.

ನನ್ನ ಪಾಸು ಅಲ್ಲಿಗೆ ಮುಗಿಯಿತು. ದಾವೂದ ಭಾಯಿ ಎರಡು ದಿನ ಸಿಟ್ಟಿನಲ್ಲಿದ್ದರು. ಆಮೇಲೆ ಅಂಗಡಿ ಮಾರುವ ಮಾತು ಕೈಬಿಟ್ಟು, ಅತ್ತಿಗೆಗೆ ಕೆಲವು ಬುದ್ಧಿಮಾತು ಹೇಳಿ ಜಂಜಿಬಾರಕ್ಕೆ ಹೋದರು.

ಸಾಹೇಬರು ಬಂದುಹೋದ ಮಧ್ಯಾಹ್ನವೇ ಪರದೆಯ ಆಚೆಯಿಂದ, “ಸಿಟ್ಟ ಬಂತೇನ್ರಿ ಮಾಸ್ತರ?” ಎಂದು ಕೇಳಿದರು.

“ಬಂತ್ರಿ.”

“ಯಾರ ಮ್ಯಾಲ?”

“ಅದು ತಿಳಿವಲ್ದ್ರಿ.”

“ನನಗೂ ತಿಳಿವಲ್ದು” ಎಂದರು. “ನೀವು ಹೇಳ್ರಿ ಅಂದಿದ್ರ ಸುಳ್ಳ ಹೇಳ್ತಿದ್ದೆ. ಖರೇ ಹೇಳ್ತೇನಿ. ಊರಾಗಿನವರನ್ನ ಕರಿಸಿ ಹೊಳ್ಳಿ ಕಳಿಸೂದು ಎಂಥಾ ಮಾರಿ ತೋರಸಲಾರದ ಕೆಲಸರಿ. ಅದಕ್ಕ ನಿಮ್ಮನ್ನ ಕೇಳಿದೆ.”

“ನನ್ನ ಕುತಗಿಗೆ ಹಾಕಿದ್ರಿ.”

“ಹೂಂನ್ರಿ, ಹಾಕಿದೆ.”

ಮತ್ತೆ ಧಕ್ಕೆ

ಹಡಗು ತಿರುಗಿ ಬಂತು. ಜೈತುನಬಿಯವರು ಒಂದು ಬುಟ್ಟಿ ಲವಂಗ, ರುಕ್ಮವ್ವನಿಗೆ ಒಂದು ಜೋಡಿ ಆ ಊರಿನ ಹೂವಿನ ಬಟ್ಟೆ ಕಳಿಸಿಕೊಟ್ಟರು. ಹೊರಡುವಾಗ ಪರದೆಯ ಮುಂದೆ ನಿಂತು, “ಬರ್ತೇನ್ರಿ ಅಕ್ಕಾರ” ಎಂದೆ. “ಹೋಗಿ ಬರ್ರಿ” ಎಂದರು. ಹಾಗೆ ಅನ್ನುವುದು ನಮ್ಮ ರೂಢಿ. ಮತ್ತೆ ಬರುವ ದಾರಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರ ಮುಖ ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಧಕ್ಕೆಯ ಮೇಲೆ ಫರ್ನಾಂಡಿಸ್ ನನ್ನ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ. ಹಡಗಿನ ಮೆಟ್ಟಿಲು ಹತ್ತಿದ ಮೇಲೆ ನೀನು ನಮ್ಮವನಲ್ಲ, ಏನು ಬೇಕಾದರೂ ಕತ್ತರಿಸಬಹುದು ಎಂದು ನಕ್ಕ. ತಮಾಷೆಗೆ ಹೇಳಿದ ಮಾತು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಟ್ರಂಕು ಹೊತ್ತು ತಂದಿದ್ದ ಜುಮಾನನ್ನೂ ಮೇಲಕ್ಕೆ ಕರೆದೆ. ಬೀಳ್ಕೊಡಲು ಬಂದವರನ್ನು ಗಂಟೆ ಬಾರಿಸುವವರೆಗೆ ಡೆಕ್ಕಿನ ಮೇಲೆ ಬಿಡುತ್ತಿದ್ದರು.

ನನ್ನ ಹಾಸಿಗೆ ಬಿಚ್ಚುವ ಜಾಗದಲ್ಲಿ ಮೊಣಕಾಲೂರಿ ಕುಳಿತೆ. ಟ್ರಂಕಿನಿಂದ ಖಡು ತೆಗೆದು ಹಲಗೆಯ ಮೇಲೆ ಆ ಕೊಳಲಿನ ಮುದುಕನ ಬಾಗಿದ ಬೆನ್ನನ್ನು ಬರೆದೆ. ಇಲ್ಲಿ ಹೆಚ್ಚಿಸಬೇಕು, ಇಲ್ಲಿ ಸೀಳಿ ಅರಳಿಸಬೇಕು, ಇಲ್ಲಿಂದ ಕೊರಳತನಕ ಗೆರೆ ಹೀಗೆ ಇಳಿಯಬೇಕು. ಮಾತಾಡಲಿಲ್ಲ. ಮಾತಾಡಿದರೆ ತಿರುವಿ ಹೇಳುವವರೂ ಅಲ್ಲಿರಲಿಲ್ಲ. ಎಷ್ಟೋ ದಿನಗಳಿಂದ ಬೆನ್ನ ಹಿಂದೆ ಇದ್ದ ಕೈ ಮೊದಲ ಗೆರೆಯನ್ನು ಸೊಟ್ಟ ಎಳೆಯಿತು, ಆಮೇಲೆ ಸರಾಗವಾಯಿತು. ಜುಮಾ ಬಗ್ಗಿ ನೋಡಿದ. ಮತ್ತೂ ಬಗ್ಗಿ ನೋಡಿದ. ಒಮ್ಮೆಲೆ ತನ್ನ ಹಣೆಗೆ ತಾನೇ ಬಡಿದುಕೊಂಡು ಗಟ್ಟಿಯಾಗಿ ನಕ್ಕ. ಇಷ್ಟೆಯೇ ಎಂದಿರಬೇಕು.

ಗಂಟೆ ಬಾರಿಸಿತು. ಅವನು ನನ್ನ ಎರಡೂ ಕೈಗಳನ್ನು ಹಿಡಿದು “ಫುಂಡಿ” ಎಂದ. ಅವರ ಭಾಷೆಯಲ್ಲಿ ಕಸುಬು ಬಲ್ಲವನಿಗೆ ಹಾಗೆನ್ನುತ್ತಾರೆ. ನಾನೂ ಅವನಿಗೆ ಅದನ್ನೇ ಹೇಳಿದೆ. ಇಳಿದು ಹೋದ.

ಹಡಗು ದಂಡೆ ಬಿಟ್ಟಾಗ ಜನ ಕರವಸ್ತ್ರ ಬೀಸುತ್ತಿದ್ದರು. ಅವರ ನಡುವೆ ಜುಮಾ ಎದ್ದು ಕಾಣುತ್ತಿದ್ದ. ಅವನೂ ಕೈ ಎತ್ತಿ ಆಡಿಸುತ್ತಿದ್ದ. ಪಕ್ಕದಲ್ಲಿದ್ದವರು ಅವನೂ ವಿದಾಯ ಹೇಳುತ್ತಿದ್ದಾನೆಂದು ತಿಳಿದಿರಬೇಕು. ನಾನು ಕಂಡಂತೆ, ಅವನು ಮರೆತುಹೋಗದ ಹಾಗೆ ಗಾಳಿಯಲ್ಲಿ ಆ ಗೆರೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದ: ಸೊಂಟದಿಂದ ಮೇಲಕ್ಕೆ, ಗೂನಿನ ಮೇಲೆ ಹಾದು, ಮೆಲ್ಲಗೆ ಕೊರಳಿಗೆ.